ಇವರ ಹೆಸರು ಹೇಳಿದ ಬೆಳಿಗ್ಗೆ

ಈ ಬರಹದ ಮೊದಲರ್ಧವನ್ನು ನಾನು ಬಾಯಲ್ಲಿ ಬರೆದೆ, ಉಳಿದರ್ಧವನ್ನು ಕೈಯಲ್ಲಿ. ಬಾಯಲ್ಲಿ ಬರೆಯುವುದೆಂದರೆ ಫೋನಿನ ಮುಂದೆ ಕೂತು ಒಂದೊಂದೇ ಸಾಲು ಹೇಳುವುದು, ಅದು ಅಕ್ಷರ ಮಾಡಿಕೊಂಡು ಹೋಗುವುದು. ನಡುವೆ ನಮ್ಮತ್ತೆ ಬಂದು "ಸಾರ್ಗೆ ಉಪ್ಪಾಕಿದ್ದದಾ?" ಎಂದು ಕೇಳಿದರೆ ಅದನ್ನೂ ಬರೆದುಬಿಡುತ್ತದೆ. ಅಂಥದ್ದನ್ನೆಲ್ಲ ಮಗಳು ಹುಡುಕಿ ಅಳಿಸಿದ್ದಾಳೆ. ಎಲ್ಲಾದರೂ ಒಂದು ಕಲ್ಲು ಉಪ್ಪು ಉಳಿದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಹೆಸರು ಭಾಗ್ಯ. ಕಿರುಗಾವಲಿನ ಹತ್ತಿರದ ಒಂದು ಹಳ್ಳಿ ನಮ್ಮದು, ತವರು ಹೊಳಲು. ಮಂಡ್ಯದಲ್ಲಿ ಬಿ.ಎ. ಮುಗಿಸಿದ ವರ್ಷವೇ ಮದುವೆಯಾಗಿ ಬಂದೆ. ಬಂದ ಮೂರನೇ ತಿಂಗಳಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಓದಿದವಳು ಹುಳು ಸಾಕುತ್ತೀಯಲ್ಲ ಎಂದು ಕೇಳಿದವರಿಗೆ, ಹುಳುಗಳಿಗೆ ಅದು ಗೊತ್ತಿಲ್ಲ, ನೀವೂ ಹೇಳಬೇಡಿ ಎನ್ನುತ್ತಿದ್ದೆ. ಹುಳು ಸಾಕುವುದು ಕಣ್ಣಿಗಿಂತ ಬೆರಳಿನ ಕೆಲಸ. ಹಿಪ್ಪುನೇರಳೆ ಸೊಪ್ಪು ಬಾಡಿದೆಯೋ ಇಲ್ಲವೋ, ಹುಳು ಗೂಡು ಕಟ್ಟಲು ಹಣ್ಣಾಗಿದೆಯೋ ಇಲ್ಲವೋ, ಎಲ್ಲ ಮುಟ್ಟಿದರೆ ತಿಳಿಯುತ್ತದೆ. ಇಪ್ಪತ್ತಾರು ವರ್ಷ ನನ್ನ ಬೆರಳುಗಳು ಒಂದು ದಿನವೂ ನನಗೆ ಸುಳ್ಳು ಹೇಳಿರಲಿಲ್ಲ.

ಕಾಯಿಲೆ ನನಗೆ ತಿಳಿದದ್ದೂ ಅಲ್ಲೇ. ಹಣ್ಣಾದ ಹುಳುಗಳನ್ನು ಆರಿಸುತ್ತಿದ್ದೆ. ಹುಳು ಬೆರಳ ಸಂದಿಯಿಂದ ಜಾರಿ ಬಿತ್ತು. ಮತ್ತೆ ಎತ್ತಿಕೊಂಡೆ, ಮತ್ತೆ ಬಿತ್ತು. ಎರಡು ದಿನದಿಂದ ಪಾದಗಳು ಜುಮುಗುಟ್ಟುತ್ತಿದ್ದವು, ನಿಂತು ನಿಂತು ಹೀಗಾಗಿದೆ ಎಂದುಕೊಂಡಿದ್ದೆ. ಹತ್ತಿರದ ಡಾಕ್ಟರು ಸುಸ್ತು ಎಂದು ಇಂಜೆಕ್ಷನ್ ಕೊಟ್ಟಿದ್ದರು. ಮಾರನೆಯ ದಿನ ಬಚ್ಚಲ ಮೆಟ್ಟಿಲು ಹತ್ತಲಾಗಲಿಲ್ಲ. ಅದರ ಮಾರನೆಯ ದಿನ ಬಾಚಣಿಗೆಯನ್ನು ತಲೆಯವರೆಗೆ ಎತ್ತಲಾಗಲಿಲ್ಲ. ನಮ್ಮ ಯಜಮಾನರು ನನ್ನನ್ನು ಮಗುವಿನ ಹಾಗೆ ಎತ್ತಿ ಕಾರಿಗೆ ಹಾಕಿದರು. ಮಂಡ್ಯಕ್ಕೆ ಹೋದೆವು. ಅಲ್ಲಿ ನೋಡಿದವರು ಒಂದು ಗಂಟೆಯೂ ಇಟ್ಟುಕೊಳ್ಳದೆ ಮೈಸೂರಿಗೆ ಕಳಿಸಿದರು.

ಮೈಸೂರಿನ ಆಸ್ಪತ್ರೆಯ ಕೌಂಟರಿನಲ್ಲಿ ಗಾಲಿಕುರ್ಚಿಯ ಮೇಲೆ ಕೂರಿಸಿದ್ದರು. ಯಜಮಾನರು ಕಾರು ನಿಲ್ಲಿಸಲು ಹೋಗಿದ್ದರು. ಕಂಪ್ಯೂಟರಿನ ಮುಂದಿದ್ದ ಹುಡುಗಿ ನನ್ನ ಹೆಸರು, ವಯಸ್ಸು, ಊರು ಬರೆದುಕೊಂಡು ಕೇಳಿದಳು:

"ಗಂಡನ ಹೆಸರು?"

ಯಜಮಾನರು ಬಂದರಾ ಎಂದು ಬಾಗಿಲ ಕಡೆ ನೋಡಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯ ದಿನ ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರಲ್ಲ, ಅದೇ ಮೊದಲು, ಅದೇ ಕೊನೆ. ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನು ಅದನ್ನು ನಂಬುವವಳಲ್ಲ. ಬ್ಯಾಂಕಿನಲ್ಲಿ, ರೇಷನ್ ಕಾರ್ಡಿನಲ್ಲಿ, ಮಗಳ ಶಾಲೆಯ ಅರ್ಜಿಯಲ್ಲಿ ಇವರ ಹೆಸರನ್ನು ದುಂಡಗೆ ನೂರು ಸಲ ಬರೆದಿದ್ದೇನೆ. ಆದರೆ ನಂಬುವುದು ಬೇರೆ, ನಾಲಿಗೆ ತಿರುಗುವುದು ಬೇರೆ. ಯಾರಾದರೂ ಕೇಳಿದರೆ ಪೆನ್ನು ಈಸಿಕೊಂಡು ಬರೆದುಕೊಡುತ್ತಿದ್ದೆ, ಅಷ್ಟರಲ್ಲಿ ಮುಗಿಯುತ್ತಿತ್ತು.

ನಮ್ಮ ಮನೆಯಲ್ಲಿ ಇದು ಇನ್ನೂ ಒಂದು ಕೈ ಮೇಲೆ. ನಮ್ಮ ಯಜಮಾನರಿಗೆ ಅವರ ತಾತನ ಹೆಸರಿಟ್ಟಿದ್ದಾರೆ. ತಾತ ಎಂದರೆ ನಮ್ಮತ್ತೆಗೆ ಮಾವ. ಮಾವನ ಹೆಸರನ್ನೂ ಸೊಸೆ ಹೇಳುವ ಹಾಗಿಲ್ಲ. ಹಾಗಾಗಿ ಅತ್ತೆ ಹೆತ್ತ ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ. ಐವತ್ತೆರಡು ವರ್ಷದ ಮೀಸೆ ನರೆತ ಗಂಡಸನ್ನು ಇವತ್ತಿಗೂ "ಮೊಗ" ಎನ್ನುತ್ತಾರೆ. ಒಂದೇ ಸೂರಿನ ಕೆಳಗೆ ಇಬ್ಬರು ಹೆಂಗಸರು, ಇಬ್ಬರಿಗೂ ಹೇಳಲಾಗದ ಒಂದೇ ಹೆಸರು.

ಕೌಂಟರಿನ ಹುಡುಗಿ ಪೆನ್ನು ಚಾಚಿದಳು, ಬಹುಶಃ ನನಗೆ ಮಾತು ಬರುತ್ತಿಲ್ಲ ಎಂದುಕೊಂಡು. ಕೈ ಎತ್ತಲು ಹೋದೆ. ಅದು ತೊಡೆಯ ಮೇಲೆಯೇ ಬಿದ್ದಿತ್ತು. ಆಗ ಅಳು ಬಂತು. ಅಲ್ಲಿಯವರೆಗೆ ಬಂದಿರಲಿಲ್ಲ. ಬರೆಯಲೂ ಆಗುವುದಿಲ್ಲ, ಹೇಳಲೂ ಆಗುವುದಿಲ್ಲ. ಅಷ್ಟರಲ್ಲಿ ಇವರು ಓಡಿ ಬಂದರು. "ಇವರನ್ನೇ ಕೇಳಿ" ಎಂದೆ.

ಡಾಕ್ಟರು ಚಿಕ್ಕ ವಯಸ್ಸಿನವರು. ಬೆನ್ನಿನಿಂದ ನೀರು ತೆಗೆಸಿದರು, ಕೈಕಾಲಿನ ನರಗಳಿಗೆ ಸಣ್ಣ ಸಣ್ಣ ಕರೆಂಟು ಕೊಟ್ಟು ನೋಡಿದರು. ಆಮೇಲೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಇದಕ್ಕೆ ಜಿಬಿಎಸ್ ಎನ್ನುತ್ತಾರೆ, ನರಗಳ ಕಾಯಿಲೆ, ಬರುವಾಗ ಬೇಗ ಬರುತ್ತದೆ, ಹೋಗುವಾಗ ನಿಧಾನ ಮಾಡುತ್ತದೆ ಎಂದರು.

"ಓಯ್ತದಾ ಸಾರ್?" ಎಂದು ಇವರು ಕೇಳಿದರು.

"ಹೆಚ್ಚಿನವರಿಗೆ ಹೋಗುತ್ತೆ."

"ಓಯ್ತದಲ್ವಾ?"

ಡಾಕ್ಟರು ಬೇಸರಿಸದೆ ಇನ್ನೊಮ್ಮೆ ಹೇಳಿದರು. ಇವರು ಬಾಗಿಲವರೆಗೂ ಅವರ ಹಿಂದೆ ಹೋಗಿ ಮೂರನೇ ಸಲ ಕೇಳಿ ಬಂದರು. ಸೊಪ್ಪಿನ ವ್ಯಾಪಾರದಲ್ಲಿ ಎರಡನೇ ಮಾತಾಡದ ಮನುಷ್ಯ ಇವರು. ಆವತ್ತು ನನಗೆ ಕಾಯಿಲೆಗಿಂತ ಇವರ ಮುಖ ನೋಡಿ ಹೆಚ್ಚು ಭಯವಾಯಿತು.

ಐದು ದಿನ ಡ್ರಿಪ್ಪಿನಲ್ಲಿ ಔಷಧಿ ಹೋಯಿತು. ಗಂಟೆಗಂಟೆಗೂ ಒಬ್ಬ ನರ್ಸಮ್ಮ ಬಂದು "ಒಂದೇ ಉಸಿರಲ್ಲಿ ಎಣಿಸಿ" ಎನ್ನುತ್ತಿದ್ದರು. ಕಾಯಿಲೆ ಉಸಿರಿಗೆ ಇಳಿಯುತ್ತದೋ ಎಂದು ನೋಡುವ ಉಪಾಯ ಅದು. ಮೊದಲ ದಿನ ಮೂವತ್ತರವರೆಗೆ ಎಣಿಸಿದೆ. ಮೂರನೆಯ ದಿನ ಹದಿನಾರಕ್ಕೆ ದನಿ ನಿಂತುಹೋಯಿತು. ನರ್ಸಮ್ಮನ ಮುಖದಲ್ಲಿ ಏನೂ ಕಾಣಲಿಲ್ಲ, ಆದರೆ ಕಾಲು ಗಂಟೆಗೇ ಮತ್ತೆ ಬಂದರು. ಹದಿನಾರು. ಮತ್ತೆ ಹದಿನಾರು. ಸಂಜೆ ಹದಿನೆಂಟಾಯಿತು. ಅವರು ನನ್ನ ಕೆನ್ನೆ ತಟ್ಟಿ ಹೋದರು. ಕೈಕಾಲು ಹೋದರೂ ನನಗೆ ದನಿ ಉಳಿದಿದೆ ಎಂದು ಆಗ ಅನ್ನಿಸಿತ್ತು. ಅದು ಎಷ್ಟು ಕೆಲಸಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ.

ಇನ್ನೊಬ್ಬರನ್ನು ಮರೆಯಬಾರದು. ನೆಲ ಒರೆಸುವ ಆಯಮ್ಮ. ಒಂದು ಮಧ್ಯಾಹ್ನ ನನಗೆ ಮೂಗು ಕೆರೆಯುತ್ತಿತ್ತು. ಮೂಗು ಕೆರೆದುಕೊಳ್ಳಲು ಕೈ ಬೇಕು ಎಂಬುದು ಕೈ ಹೋದವರಿಗೇ ಗೊತ್ತು. ಕರೆದು ಹೇಳಲು ನಾಚಿಕೆ. ಆಯಮ್ಮ ಒರೆಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಮೂಗಾ?" ಎಂದರು. ಸೆರಗಿಗೆ ಕೈ ಒರೆಸಿಕೊಂಡು ಚೆನ್ನಾಗಿ ಕೆರೆದು, "ಇನ್ನೊಸಿ ಬೇಕಾ?" ಎಂದು ಕೇಳಿ ಹೋದರು. ಆ ಆಸ್ಪತ್ರೆಯ ದೊಡ್ಡ ದೊಡ್ಡ ಯಂತ್ರಗಳಿಗೆಲ್ಲ ಕೈಮುಗಿಯುತ್ತೇನೆ, ಆಯಮ್ಮನಿಗೆ ಒಂದು ಸಲ ಹೆಚ್ಚಿಗೆ.

ಮೂರು ವಾರಕ್ಕೆ ಮನೆಗೆ ಬಂದೆ. ವಾರಕ್ಕೆ ಎರಡು ಸಲ ಮಂಡ್ಯಕ್ಕೆ ಹೋಗಿ ವ್ಯಾಯಾಮ ಮಾಡಿಸಿಕೊಂಡು ಬರುವುದು. ಮೂರನೇ ತಿಂಗಳಿಗೆ ಕಾಲು ಬಂದವು. ಗೋಡೆಗೆ ಮೊಣಕೈ ಆನಿಸಿಕೊಂಡು ಹಜಾರದಿಂದ ಬಚ್ಚಲವರೆಗೆ ನಡೆಯುತ್ತಿದ್ದೆ. ಕೈ ಮಾತ್ರ ಬರಲಿಲ್ಲ. ತೋಳು ಎತ್ತಬಹುದಿತ್ತು, ಬೆರಳು ಮಡಚಲು ಬರುತ್ತಿರಲಿಲ್ಲ. ಲೋಟ ಹಿಡಿಯಲಾರೆ, ಬಾಗಿಲ ಚಿಲಕ ತೆಗೆಯಲಾರೆ, ಅನ್ನ ಕಲಸಲಾರೆ.

ಮಗಳು ಪವಿತ್ರ ಮಂಡ್ಯದಲ್ಲಿ ಬಿ.ಎಡ್. ಓದುತ್ತಿದ್ದಳು. ಅವಳು ಹಾಸ್ಟೆಲ್ಲಿನಿಂದ ಬಟ್ಟೆ ಗಂಟು ಕಟ್ಟಿಕೊಂಡು ಬಂದವಳು ವಾಪಸು ಹೋಗಲೇ ಇಲ್ಲ. ತಲೆ ಬಾಚುವುದು, ತುತ್ತು ಕೊಡುವುದು, ಸ್ನಾನ ಮಾಡಿಸುವುದು ಎಲ್ಲ ಅವಳೇ. ಈ ಮೂರನೇ ತಿಂಗಳ ಹೊತ್ತಿಗೆ ಕೊನೆಯ ಪರೀಕ್ಷೆಗೆ ಇನ್ನೆರಡು ತಿಂಗಳಿತ್ತು. ಪರೀಕ್ಷೆ ಯಾವಾಗ ಎಂದು ಕೇಳಿದರೆ "ಬರೋ ವರ್ಷ ಬರೀತೀನಿ ಬಿಡಮ್ಮ" ಎನ್ನುತ್ತಿದ್ದಳು. ನನಗೆ ಊಟ ಇಳಿಯುತ್ತಿರಲಿಲ್ಲ. ಕಾಯಿಲೆ ನನ್ನದು, ಅದರ ವರ್ಷ ಅವಳ ಲೆಕ್ಕದಿಂದ ಹೋಗುವುದು ಯಾವ ನ್ಯಾಯ? ನನಗೆ ಕೈ ಬರುವುದಕ್ಕಿಂತ ಅವಳು ಆ ಪರೀಕ್ಷೆ ಬರೆಯುವುದು ಮುಖ್ಯವಾಯಿತು.

ಒಂದು ದಿನ ಸಿಟ್ಟಿಗೆ ಕೂಗಾಡಿಬಿಟ್ಟೆ. ಮಗಳ ಮೇಲಲ್ಲ, ನನ್ನ ಕೈಗಳ ಮೇಲೆ. ಅತ್ತೆ ಪಕ್ಕದಲ್ಲಿ ಬಂದು ಕೂತರು. ಅವರಿಗೆ ಎಂಬತ್ತರ ಹತ್ತಿರ, ಒಂದು ಕಣ್ಣು ಮಂಜು.

"ಉಳ ಜ್ವರಕ್ಕೋದಾಗ ನೀನು ಅದ ಬೈತೀಯಾ?" ಎಂದರು.

ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಮಲಗುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಹಳೇ ಚರ್ಮ ಕಳಚಿ ಎದ್ದ ಮೇಲೆ ಮೊದಲಿಗಿಂತ ಹೆಚ್ಚು ಮೇಯುತ್ತದೆ.

"ಬೈಯಲ್ಲ" ಎಂದೆ.

"ಮುಟ್ಟಿ ಎಬ್ಬುಸ್ತೀಯಾ?"

"ಇಲ್ಲ."

"ಅಂಗೇ ಬುಡು. ಅದ್ರ ಒತ್ತಿಗೆ ಅದು ಎದ್ದೇಳ್ತದೆ."

ಫೋನಿನ ವಿಷಯ ತೆಗೆದದ್ದು ಪವಿತ್ರ. ನನ್ನ ಫೋನನ್ನೇ ಒಂದು ಸ್ಟ್ಯಾಂಡಿಗೆ ಸಿಕ್ಕಿಸಿ ಹಜಾರದ ಗೋಡೆಯ ಗೂಡಿನಲ್ಲಿಟ್ಟಳು. ಎರಡು ಪದ ಹೇಳಿ ಅದನ್ನು ಎಬ್ಬಿಸಬೇಕು, ಆಮೇಲೆ ಬೇಕಾದ್ದು ಹೇಳಬೇಕು. ನನ್ನ ದನಿ ಅದಕ್ಕೆ ಗುರುತಾಗಲೆಂದು ಅದೇ ಪದಗಳನ್ನು ಹಲವು ಸಲ ಹೇಳಿಸಿದಳು. ಗೋಡೆಯ ಜೊತೆ ಮಾತಾಡುವವರ ಹಾಗೆ ಕಾಣುತ್ತೇನಲ್ಲ ಎಂದು ನನಗೆ ಮುಜುಗರ.

"ಗಂಟೆ ಎಷ್ಟು?" ಎಂದು ಕೇಳಿದೆ.

ಒಳಗಿನಿಂದ ಒಂದು ಹೆಣ್ಣು ದನಿ ಹತ್ತೂವರೆ ಎಂದು ಹೇಳಿತು. ಅಷ್ಟೇ. ಓದುವವರಿಗೆ ಇದರಲ್ಲಿ ಏನಿದೆ ಅನ್ನಿಸಬಹುದು. ನಾಲ್ಕು ತಿಂಗಳಿಂದ ಗಂಟೆ ಕೇಳಲೂ ಒಬ್ಬರನ್ನು ಕರೆಯಬೇಕಾಗಿತ್ತು. ಕರೆದರೆ ಅವರು ಮಾಡುತ್ತಿದ್ದ ಕೆಲಸ ಬಿಟ್ಟು ಬರುತ್ತಿದ್ದರು. ಆವತ್ತು ಯಾರೂ ಕೆಲಸ ಬಿಡಲಿಲ್ಲ. ಒಂದು ಗಂಟೆಯೊಳಗೆ ನಾಲ್ಕು ಸಲ ಗಂಟೆ ಕೇಳಿದೆ, ಸುಮ್ಮನೆ ಸಂತೋಷಕ್ಕೆ.

ಆಮೇಲೆ ಒಂದೊಂದೇ ಕಲಿತೆ. ಮಾತ್ರೆಯ ಹೊತ್ತಿಗೆ ಅಲಾರಾಂ ಇಡಿಸುವುದು, ಟಾರ್ಚು ಹಾಕಿಸುವುದು, ಬಂದ ಕರೆ ತೆಗೆಸುವುದು, ಬಂದ ಮೆಸೇಜು ಓದಿಸಿಕೊಂಡು ಬಾಯಲ್ಲೇ ಉತ್ತರ ಕೊಡುವುದು. ನಾಳೆ ಮಳೆಯುಂಟಾ ಎಂದು ಕೇಳಿ ಇವರಿಗೆ ಸೊಪ್ಪು ಮೊದಲೇ ಕೊಯ್ದಿಡಲು ಹೇಳುವುದು. ಹಾಸಿಗೆಯಲ್ಲಿದ್ದವಳು ಮತ್ತೆ ಮನೆಯ ಯಜಮಾನಿಕೆಗೆ ಬಂದೆ. ಅತ್ತೆ ಮೊದಮೊದಲು ಫೋನಿನ ಮುಂದೆ ಹಾಯುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ "ಪಾಪ, ಆ ಎಣ್ಣಮಗಳ್ಗೆ ಒಸಿ ಸುಧಾರ್ಸ್ಕೊಳಕೆ ಬುಡವ್ವ" ಎನ್ನತೊಡಗಿದರು.

ಎಡವಿದ್ದು ಒಂದೇ ಕಡೆ. ಇವರಿಗೆ ಫೋನ್ ಮಾಡುವ ಕಡೆ.

ನನ್ನ ಫೋನಿನಲ್ಲಿ ಇವರ ನಂಬರನ್ನು "ಇವರು" ಎಂದು ಉಳಿಸಿಕೊಂಡಿದ್ದೆ. ನಮ್ಮೂರಿನ ಅರ್ಧ ಹೆಂಗಸರ ಫೋನಿನಲ್ಲಿ ಗಂಡಂದಿರು ಹೀಗೇ ಇದ್ದಾರೆ. ಬೆರಳಿನಿಂದ ಒತ್ತುವ ಕಾಲಕ್ಕೆ ತೊಂದರೆಯಿರಲಿಲ್ಲ. ಈಗ "ಇವರಿಗೆ ಫೋನ್ ಮಾಡು" ಎಂದರೆ ಆ ಹೆಣ್ಣು ದನಿ ಬಲು ವಿನಯದಿಂದ ಯಾರಿಗೆ ಎಂದು ಕೇಳುತ್ತಿತ್ತು. ಪವಿತ್ರ ನಕ್ಕು ನಕ್ಕು ಸಾಕಾಗಿ, ನಾನು ಬೇಡ ಬೇಡ ಎನ್ನುತ್ತಿದ್ದರೂ ಅಳಿಸಿ, ಅಪ್ಪನ ಪೂರ್ತಿ ಹೆಸರು ಹಾಕಿಬಿಟ್ಟಳು.

"ಹೇಳಮ್ಮ ಈಗ."

"ಆಗಲ್ಲ ಕಣೇ."

"ಬಿ.ಎ. ಓದಿದ್ದೀಯ."

"ಅದು ಬಿ.ಎ.ಲಿ ಇರಲಿಲ್ಲ."

ಅತ್ತೆ ಒಳಗಿನಿಂದ ಒಂದೇ ಮಾತು ಹೇಳಿದರು. "ಮನೇಲಿ ಕಾಯ್ಲೆ ಐತೆ. ಈಗ್ಲೇ ಬ್ಯಾಡ."

ಇವರ ಆಯಸ್ಸಿನ ಭಯ ಅವರಿಗೆ. ನಾನು ಒತ್ತಾಯ ಮಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಳಗೆ ಒಂದು ಅಳುಕು ಹುಟ್ಟಿತ್ತು. ಆರೋಗ್ಯವಾಗಿದ್ದಾಗ ನಗುವ ಮಾತುಗಳಿಗೆ ಕಾಯಿಲೆಯಲ್ಲಿ ನಗು ಬರುವುದಿಲ್ಲ. ಮಗಳಿಗೆ ಮಾಡಿದರೆ ಅವಳು ಅಪ್ಪನಿಗೆ ತಿಳಿಸುತ್ತಾಳೆ, ಇಲ್ಲವೇ ಪಕ್ಕದ ಮನೆಯ ರತ್ನನಿಗೆ ಮಾಡಿದರೆ ಅವಳು ಓಡಿ ಬರುತ್ತಾಳೆ. ಅದೇ ಸಾಕು ಎಂದುಕೊಂಡೆ.

ಪರೀಕ್ಷೆಗೆ ಹೋಗೆಂದು ಪವಿತ್ರನಿಗೆ ದಿನಾ ಗೋಗರೆದೆ. ಕೊನೆಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ. ದಿನಾ ಊರಿಂದಲೇ ಹೋಗಿ ಬರುತ್ತಾಳೆ, ನನ್ನಿಂದ ಒಂದು ಸಲ ಸಹಾಯಕ್ಕೆ ಕರೆ ಬಂದರೂ ಅಲ್ಲಿಗೇ ಬಿಟ್ಟು ಬರುತ್ತಾಳೆ. ಹೇಳಿದ್ದನ್ನು ಮಾಡುವವಳು ಅವಳು. ಅಪ್ಪನ ಮಗಳು.

ಮೊದಲ ಪರೀಕ್ಷೆಯ ದಿನ ಬೆಳಿಗ್ಗೆ ಏಳೂಮುಕ್ಕಾಲಿನ ಮಂಡ್ಯದ ಬಸ್ಸಿಗೆ ಹೋದಳು. ಆ ಸಲ ಸಣ್ಣದಾಗಿ ಒಂದು ಬೆಳೆ ಹುಳು ಇಟ್ಟಿದ್ದೆವು, ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದವು. ಸೊಪ್ಪು ತರದೆ ಗತಿಯಿಲ್ಲ. ಇವರು ನಾಲೆಯ ಪಕ್ಕದ ತೋಟಕ್ಕೆ ಹೋದರು. ರತ್ನ ಮನೆಮಂದಿಯ ಸಮೇತ ಸೋಮನಹಳ್ಳಿಗೆ ಮದುವೆಗೆ ಹೋಗಿದ್ದಳು. ನಮ್ಮದು ಊರಾಚೆಯ ಮನೆ, ರತ್ನನ ಮನೆ ಬಿಟ್ಟರೆ ಕೂಗಿದರೆ ಕೇಳುವಷ್ಟು ಹತ್ತಿರ ಇನ್ನೊಂದು ಮನೆಯಿಲ್ಲ. ಅತ್ತೆ ಇದ್ದಾರಲ್ಲ, ನಾನಿದ್ದೇನಲ್ಲ, ಫೋನಿದೆಯಲ್ಲ ಎಂದು ಎಲ್ಲರನ್ನೂ ಸಾಗಹಾಕಿದ್ದೆ.

ಎಂಟೂವರೆಗೆ ಅತ್ತೆ ನನಗೆ ಕಾಫಿ ತರುತ್ತಿದ್ದರು. ಲೋಟಕ್ಕೆ ಒಂದು ಸ್ಟ್ರಾ ಹಾಕಿ ಬಾಯಿಗೆ ಹಿಡಿಯುವುದು ಅವರಿಗೆ ಅಭ್ಯಾಸವಾಗಿತ್ತು. ಅಡುಗೆಮನೆಯ ಹೊಸಲು ದಾಟುವಾಗ ಮಂಜುಗಣ್ಣಿಗೆ ಹೊಸಲು ಕಾಣಲಿಲ್ಲವೋ ಏನೋ, ಮುಗ್ಗರಿಸಿ ಬಿದ್ದರು. ಲೋಟ ಉರುಳಿಕೊಂಡು ನನ್ನ ಕಾಲ ಹತ್ತಿರ ಬಂತು. ಅವರ ಎಡಗಾಲು ಅಡಿಗೆ ಮಡಚಿಕೊಂಡಿತ್ತು. "ಅವ್ವಾ" ಎಂದು ಒಂದೇ ಸಲ ನರಳಿದರು.

ಎದ್ದು ಗೋಡೆ ಹಿಡಿದು ಹೋದೆ. ಅವರ ಕಂಕುಳಿಗೆ ತೋಳು ಕೊಟ್ಟು ಎತ್ತಲು ನೋಡಿದೆ. ಬೆರಳು ಹಿಡಿಯಲಿಲ್ಲ. ಇನ್ನೊಮ್ಮೆ ನೋಡಿದೆ, ಸೀರೆಯ ಮೇಲೆ ಜಾರಿತು. ಆ ಹುಳುವಿನ ಹಾಗೆಯೇ.

"ಬುಡವ್ವ, ನೀನೂ ಬಿದ್ದೀಯ" ಎಂದರು ಅತ್ತೆ. ಮುಖ ಬೆವರಿತ್ತು.

ಬಾಗಿಲಿಗೆ ಬಂದು ಕೂಗಿದೆ. ನನ್ನ ದನಿ ಇನ್ನೂ ಪೂರಾ ಬಂದಿರಲಿಲ್ಲ. ರತ್ನನ ಮನೆಯ ನಾಯಿ ತಲೆಯೆತ್ತಿ ನೋಡಿ ಮತ್ತೆ ಮಲಗಿತು.

ಫೋನಿನ ಹತ್ತಿರ ಬಂದೆ. ಬಾಯಿಗೆ ಬಂದದ್ದು ಮಗಳ ಹೆಸರು. ಪವಿತ್ರ ಎಂದರೆ ಸಾಕು, ಎರಡನೇ ರಿಂಗಿಗೆ ತೆಗೆಯುತ್ತಾಳೆ. ಈಗಿನ್ನೂ ಬಸ್ಸಿನಲ್ಲಿದ್ದಾಳೆ, ಮಂಡ್ಯ ಮುಟ್ಟಿಲ್ಲ, ಅಲ್ಲೇ ಇಳಿದು ಎದುರು ಬಸ್ಸು ಹಿಡಿದು ಬರುತ್ತಾಳೆ. ಅಪ್ಪನಿಗೆ ತಿಳಿಸು, ನೀನು ಬರಬೇಡ ಎಂದರೆ ಕೇಳುವವಳಲ್ಲ. ಅಲ್ಲಿಗೆ ವರ್ಷ ಹೋಯಿತು. ಇನ್ನು ಉಳಿದದ್ದು ಒಂದೇ ಹೆಸರು. ಅತ್ತೆಯ ಕಡೆ ತಿರುಗಿದೆ. ಅವರು ನನ್ನನ್ನೇ ನೋಡುತ್ತಿದ್ದರು. ನಾನು ಏನು ಯೋಚಿಸುತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಿತ್ತು.

"ಪವಿತ್ರನ್ಗೆ ಮಾಡ್ಬ್ಯಾಡ" ಎಂದರು.

"ಇಲ್ಲ ಅತ್ತೆ."

"ಯೋಳು ಮತ್ತೆ. ನಾನು ಕಿವಿ ಮುಚ್ಕತೀನಿ."

ನೆಲದ ಮೇಲೆ, ಕಾಫಿಯ ನಡುವೆ ಬಿದ್ದುಕೊಂಡೇ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಕಣ್ಣನ್ನೂ ಮುಚ್ಚಿದರು.

ಫೋನನ್ನು ಎಬ್ಬಿಸಿ ಹೆಸರು ಹೇಳಿದೆ. ಹೇಳಿದೆ ಎಂದುಕೊಂಡೆ, ಹೊರಬಂದದ್ದು ಬರೀ ಉಸಿರು. ಸರಿಯಾಗಿ ಕೇಳಿಸಲಿಲ್ಲ ಎಂದಿತು ಆ ದನಿ. ಇನ್ನೊಮ್ಮೆ ಹೇಳಿದೆ. ಅರ್ಧಕ್ಕೆ ನಿಂತಿತು.

"ಗಟ್ಟಿಯಾಗ್ ಯೋಳು ಮೊಗ" ಎಂದರು ಅತ್ತೆ, ಕಿವಿಯಿಂದ ಕೈ ತೆಗೆಯದೆಯೇ. "ಅವನ್ಗೇನೂ ಆಗಾಕಿಲ್ಲ. ನಾನ್ ಎತ್ತವ್ಳು ಯೋಳ್ತಾವ್ನಿ."

ನರ್ಸಮ್ಮ ಎಣಿಸಿ ಎಂದಾಗ ಎಳೆದುಕೊಳ್ಳುತ್ತಿದ್ದ ಹಾಗೆ ಉಸಿರೆಳೆದುಕೊಂಡೆ.

"ಬೋರಲಿಂಗೇಗೌಡನಿಗೆ ಫೋನ್ ಮಾಡು."

ಹಜಾರದಲ್ಲಿ ಆ ಹೆಸರು ನನ್ನ ದನಿಯಲ್ಲಿ ಕೇಳಿಸಿತು. ಅವಸರಕ್ಕೆ ಮರ್ಯಾದೆಯೂ ಬಿಟ್ಟುಹೋಗಿತ್ತು, ಏಕವಚನ. ಫೋನು ಮಾತ್ರ ಮರ್ಯಾದೆ ಬಿಡದೆ ಬೋರಲಿಂಗೇಗೌಡ ಅವರಿಗೆ ಕರೆ ಮಾಡುತ್ತಿದ್ದೇನೆ ಎಂದಿತು. ರಿಂಗಾಯಿತು. ಇವರು ತೆಗೆದರು.

"ಅತ್ತೆ ಬಿದ್ದವ್ರೆ. ಬೇಗ ಬನ್ನಿ" ಎಂದೆ.

ಹತ್ತು ನಿಮಿಷಕ್ಕೆ ಬೈಕಿನ ಸದ್ದು ಕೇಳಿತು. ಆ ಹತ್ತು ನಿಮಿಷ ನಾನು ಅತ್ತೆಯ ಪಕ್ಕ ನೆಲದ ಮೇಲೆ ಕೂತು, ಅವರ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡಿದ್ದೆ. ಅದಕ್ಕೆ ಬೆರಳು ಬೇಕಾಗಿರಲಿಲ್ಲ. ಇವರು ಒಳಬಂದವರು ತಾಯಿಯನ್ನು ನೋಡಿದರು, ಗೂಡಿನ ಫೋನು ನೋಡಿದರು, ನನ್ನನ್ನು ನೋಡಿದರು.

"ಯಾರ್ ಮಾಡ್ಕೊಟ್ರು ಫೋನ?"

"ನಾನೇ."

"ಏನಂತ?"

ಉತ್ತರ ಅತ್ತೆ ಕೊಟ್ಟರು. "ಮದ್ಲು ನನ್ ಎತ್ತಪ್ಪ. ಆಮೇಲ್ ಕೇಳೀಯಂತೆ."

ಕಾರಿನಲ್ಲಿ ಮಳವಳ್ಳಿಗೆ ಕರೆದುಕೊಂಡು ಹೋದೆವು. ಮನೆಯಲ್ಲಿರು ಎಂದರೂ ಕೇಳದೆ ನಾನೂ ಹೋದೆ. ಮತ್ತೆ ಒಂದು ಕಾಯುವ ಕೋಣೆ, ಮತ್ತೆ ಒಂದು ಕೌಂಟರು. ಇವರು ಎಕ್ಸ್‌ರೇಗೆ ವಿಚಾರಿಸಲು ಹೋಗಿದ್ದಾಗ ಅಲ್ಲಿದ್ದಾತ ಅತ್ತೆಯನ್ನು ಕೇಳಿದ. "ಜೊತೇಲಿ ಬಂದಿರೋ ಮಗನ ಹೆಸರೇನಜ್ಜಿ?"

ಅತ್ತೆ ನನ್ನ ಕಡೆ ಗಲ್ಲ ಎತ್ತಿ ತೋರಿಸಿದರು. "ಇವ್ಳ ಕೇಳಪ್ಪ. ಇವ್ಳಿಗೆ ಯೋಳಕೆ ಬತ್ತದೆ."

ಹೇಳಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ.

ಮೂಳೆ ಮುರಿದಿರಲಿಲ್ಲ. ಹಿಮ್ಮಡಿಯ ಹತ್ತಿರ ನರ ಹೊರಳಿದೆ, ಮೂರು ವಾರ ಪಟ್ಟಿ ಕಟ್ಟಿ ಮಲಗಿಸಿ ಎಂದರು. ನನಗೆ ಹೋದ ಜೀವ ಬಂದ ಹಾಗಾಯಿತು. ಇವರು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತು ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ನೋಡದೆ, "ಚೆನ್ನಾಗ್ ಯೋಳ್ದೆ ಕಣೆ, ಕೌಂಟ್ರಲ್ಲಿ. ಬಾಗ್ಲತ್ರ ನಿಂತಿದ್ದೆ" ಎಂದರು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಇವರು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಂಜೆ ಪವಿತ್ರ ಬಂದಳು. ಹಜಾರದಲ್ಲಿ ಎರಡು ಮಂಚ, ಎರಡರಲ್ಲೂ ಒಬ್ಬೊಬ್ಬ ರೋಗಿ. ಚೀಲ ಬಾಗಿಲಲ್ಲೇ ಬಿಟ್ಟು ಅಜ್ಜಿಯ ಕಾಲು ಮುಟ್ಟಿ ನೋಡಿದಳು. ಆಮೇಲೆ ನನ್ನ ಮೇಲೆ ರೇಗಿದಳು.

"ನನಗ್ಯಾಕೆ ಫೋನ್ ಮಾಡ್ಲಿಲ್ಲ? ಬಂದುಬಿಡ್ತಿದ್ದೆ."

"ಅದಕ್ಕೇ ಮಾಡ್ಲಿಲ್ಲ."

ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಪರೀಕ್ಷೆ ಹೇಗಾಯಿತೆಂದು ಕೇಳಿದೆ. ಚೆನ್ನಾಗಾಯಿತು ಎಂದಳು. ಉಳಿದ ಎಲ್ಲವನ್ನೂ ಬರೆದಳು, ಒಂದನ್ನೂ ಬಿಡಲಿಲ್ಲ. ಈಗ ಮದ್ದೂರಿನ ಒಂದು ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ.

ಇಂಥ ಕಾಯಿಲೆ ಬಂದು ಹಾಸಿಗೆಯಲ್ಲಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ಓದಿಸಿಕೊಂಡು ಕೇಳುತ್ತಿದ್ದರೆ, ಒಂದು ಮಾತು. ಬೇಡಬೇಕಾಗುತ್ತದೆ ಎಂಬ ಸಂಕಟ ಇರುತ್ತದಲ್ಲ, ಅದು ಕಾಯಿಲೆಗಿಂತ ಹೆಚ್ಚು ಹಿಂಡುತ್ತದೆ. ನನಗೆ ಆ ಹೆಣ್ಣು ದನಿಯಿಂದ ಬೆರಳು ಬರಲಿಲ್ಲ, ಆ ಸಂಕಟ ಅರ್ಧ ಇಳಿಯಿತು. ನಾಚಿಕೆ ಬಿಟ್ಟು ಕೇಳಿ. ಗಂಟೆ ಎಷ್ಟು ಎಂದು ನಾಲ್ಕು ಸಲ ಕೇಳಿದರೂ ಅದು ಬೇಸರ ಮಾಡಿಕೊಳ್ಳುವುದಿಲ್ಲ.

ಕೈ ಬಂದದ್ದು ಎಂಟನೇ ತಿಂಗಳಿನಿಂದ. ಮೊದಲು ಹೆಬ್ಬೆರಳು, ಆಮೇಲೆ ಉಳಿದವು, ಒಂದೊಂದಾಗಿ. ನನ್ನ ಊಟ ನಾನೇ ಉಂಡ ದಿನ ಅರ್ಧ ಅನ್ನ ಮಡಿಲಲ್ಲಿತ್ತು, ಅತ್ತೆ ಅದನ್ನು ನೋಡಿ ನೋಡಿ ನಕ್ಕರು. ಪೆನ್ನು ಹಿಡಿದದ್ದು ತೀರಾ ಇತ್ತೀಚೆಗೆ. ಅತ್ತೆ ಬಿದ್ದಲ್ಲಿಂದ ಈಚೆಗಿನದೆಲ್ಲ ಕೈಬರಹ. ಕಿರುಬೆರಳು ಇನ್ನೂ ಮರಗಟ್ಟಿದ ಹಾಗಿದೆ. ಇರಲಿ, ಅದರ ಹೊತ್ತಿಗೆ ಅದು ಎದ್ದೇಳುತ್ತದೆ.

ಕೊನೆಗೆ ಹೋದ ವಾರದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಅತ್ತೆಯ ಕಾಲು ವಾಸಿಯಾದರೂ ನನ್ನ ಫೋನು ಅವರ ಮಂಚದ ಪಕ್ಕವೇ ಉಳಿದುಬಿಟ್ಟಿದೆ. ಅವರ ದನಿಗೆ ಅದು ಏಳುವುದಿಲ್ಲವೆಂದು ಪವಿತ್ರ ಒಂದು ದೊಡ್ಡ ಮೈಕಿನ ಗುರುತು ಇಟ್ಟು, ಒತ್ತಿ ಮಾತಾಡುವುದನ್ನು ಕಲಿಸಿಕೊಟ್ಟಿದ್ದಾಳೆ. ಅವರು ಮಳೆ ಬರುತ್ತದಾ ಎಂದು ಕೇಳುವುದು ಬಿಟ್ಟರೆ ಬೇರೇನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಮಧ್ಯಾಹ್ನ ನಾನೂ ಇವರೂ ಹುಳು ತುಂಬಿದ ಬಿದಿರಿನ ದೊಡ್ಡ ತಟ್ಟೆಯೊಂದನ್ನು ಆ ಕಡೆ ಈ ಕಡೆ ಹಿಡಿದು ಹುಳುಮನೆಯಿಂದ ಹೊರಗೆ ತರುತ್ತಿದ್ದೆವು. ನನ್ನ ಕೈಗೆ ಭಾರ ಬೀಳದಿರಲೆಂದು ಇವರು ಹೆಚ್ಚು ಕಡಿಮೆ ಪೂರಾ ತಟ್ಟೆಯನ್ನು ತಾವೇ ಹೊತ್ತಿದ್ದರು. ಹಜಾರದ ಕಿಟಕಿ ತೆರೆದಿತ್ತು. ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಬೀದಿಯಲ್ಲಿ ಆಡುತ್ತಿರುವ ಹುಡುಗನನ್ನು ಊಟಕ್ಕೆ ಕರೆಯುವಂಥ ದನಿ.

"ಬೋರಲಿಂಗೇಗೌಡನ್ಗೆ ಫೋನ್ ಮಾಡವ್ವ."

ಇಬ್ಬರೂ ನಿಂತೆವು. ಇವರ ಜೇಬಿನಲ್ಲಿ ಫೋನು ರಿಂಗಾಯಿತು. ಒಂದು ಕೈ ಬಿಡಿಸಿ ತೆಗೆದು ನೋಡಿದರು. ನನ್ನ ಹೆಸರು ತೋರಿಸುತ್ತಿತ್ತು, ನಾನು ಎದುರಿಗೇ ಇದ್ದೆ.

"ಏನವ್ವ?"

"ಏನಿಲ್ಲ ಕಣ್ ಮೊಗ. ಎಸ್ರು ಇಡ್ದು ಕರೆದ್ರೆ ಬತ್ತೀಯೇನೋ ಅಂತ ನೋಡ್ದೆ."

"ಬಂದೆ ತಡಿ" ಎಂದವರೇ ಫೋನು ಕಿವಿಯಲ್ಲಿಟ್ಟುಕೊಂಡೇ ಒಳಗೆ ನಡೆದುಬಿಟ್ಟರು. ಕಿಟಕಿಯೊಳಗೆ ತಾಯಿ ಮಗ ಇಬ್ಬರೂ ಫೋನು ಕಿವಿಗಿಟ್ಟುಕೊಂಡೇ ಎದುರುಬದುರು ನಿಂತದ್ದನ್ನು ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಕೈ ನೋಡಿಕೊಂಡೆ. ಇವರು ತಟ್ಟೆಯ ತಮ್ಮ ಕಡೆಯನ್ನು ಬಿಟ್ಟು ಹೋಗಿದ್ದರು. ನನಗೆ ತಿಳಿಯದೆಯೇ ತಟ್ಟೆಯನ್ನು ಎದೆಗೆ ಆನಿಸಿಕೊಂಡಿದ್ದೆ, ಪೂರ್ತಿ ಭಾರ ನನ್ನ ಎರಡು ಕೈಯಲ್ಲೇ ಇತ್ತು, ಒಂದು ಹುಳುವೂ ಕೆಳಗೆ ಬಿದ್ದಿರಲಿಲ್ಲ.